ಮೇಕೊ ಕಾಜಿಯ ಎರಡು ಮೌನಗಳು

ಜಪಾನಿ ನಟಿ ಮೇಕೊ ಕಾಜಿಯವರ ಸಾಹಸಚಿತ್ರಗಳಲ್ಲಿ ಹೊಡೆದಾಟಕ್ಕಿಂತ ಹೆಚ್ಚಾಗಿ ನನಗೆ ನೆನಪುಳಿಯುವುದು ಅವರ ಮೌನ. 1972ರಲ್ಲಿ ಶುನ್ಯಾ ಇಟೊ ನಿರ್ದೇಶನದಲ್ಲಿ ಆರಂಭವಾದ ‘ಫೀಮೇಲ್ ಪ್ರಿಸನರ್ ಸ್ಕಾರ್ಪಿಯನ್’ ಸರಣಿಯ ಕೈದಿ ಮಾತ್ಸು ತುಟಿ ಬಿಚ್ಚುವುದೇ ಅಪರೂಪ. ಪ್ರೀತಿಸಿದ ಪೊಲೀಸನೇ ಅವಳಿಗೆ ದ್ರೋಹ ಬಗೆದಿದ್ದಾನೆ. ಆ ಮೌನ, ಆ ಸಿಟ್ಟು ಎರಡೂ ಅವಳವೇ.

1973ರ ತೊಶಿಯಾ ಫುಜಿತಾ ಅವರ ‘ಲೇಡಿ ಸ್ನೋಬ್ಲಡ್’ನಲ್ಲಿ ಅದೇ ನೋಟಕ್ಕೆ ಬೇರೆ ಅರ್ಥ. ಮೇಜಿ ಕಾಲದ ಯುಕಿ ಜೈಲಿನಲ್ಲಿ ಹುಟ್ಟಿದವಳು. ಸೇಡು ತೀರಿಸಲೆಂದೇ ತಾಯಿ ಅವಳನ್ನು ಹೆತ್ತಳು. ತಾನು ಕಾಣದ ಅನ್ಯಾಯಕ್ಕಾಗಿ ಅವಳು ಕತ್ತಿ ಹಿಡಿಯಬೇಕು. ಕಾಜಿಯವರ ಕಣ್ಣಲ್ಲಿ ಇಲ್ಲಿ ಸಿಟ್ಟಿನ ಜೊತೆ ದಣಿವೂ ಇದೆ.

ಟರಾಂಟಿನೊ 2003ರ ‘ಕಿಲ್ ಬಿಲ್’ಗೆ ಆ ಹಿಮವನ್ನೂ ಕಾಜಿ ಹಾಡಿದ ಹಾಡನ್ನೂ ತಂದರು. ಆದರೆ ಅಲ್ಲಿ ನಾಯಕಿಯ ಸೇಡು ಅವಳದೇ. ಯುಕಿಯದು ಹುಟ್ಟಿನಿಂದ ಹೊತ್ತ ಸಾಲ. ಅವಳು ಗೆದ್ದಾಗ ಚಪ್ಪಾಳೆ ತಟ್ಟಲು ನನಗೆ ಕೈ ಬರುವುದಿಲ್ಲ.