ಪಟ್ಟಿ ಒಂದೇ, ನೀರು ಬೇರೆ ಬೇರೆ

ಅರಸೀಕೆರೆಯಿಂದ ಜಾವಗಲ್ ದಾಟಿದರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಮುಂದೆ ಬೇಲೂರು. ಎರಡು ಗಂಟೆಯೂ ಹಿಡಿಯದ ಈ ದಾರಿಯಲ್ಲಿ ತೆಂಗಿನ ಬಯಲುಸೀಮೆ ಮುಗಿದು, ಆಲೂಗಡ್ಡೆ, ಮುಸುಕಿನ ಜೋಳದ ಹೊಲಗಳು ಕಳೆದು, ಕಾಫಿಯ ಅರೆಮಲೆನಾಡು ಶುರುವಾಗುತ್ತದೆ. ಮಳೆ, ಮಣ್ಣು, ನೀರಿನ ಗುಣ ಎಲ್ಲವೂ ಬೇರೆಯಾಗುತ್ತವೆ. ಪಾಲಿಹೌಸಿನ ದೊಣ್ಣೆ ಮೆಣಸಿನಕಾಯಿಗೆ ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವ ಪಟ್ಟಿ ಮಾತ್ರ ಎಲ್ಲ ಕಡೆಯೂ ಒಂದೇ. ನನ್ನ ತಕರಾರು ಇರುವುದು ಇಲ್ಲಿ.

ನೀರಿನ ಜೊತೆ ಗೊಬ್ಬರ ಕೊಡುವ ಈ ರಸಾವರಿ ಪದ್ಧತಿಯ ಬಗ್ಗೆ ತಕರಾರಿಲ್ಲ. ದೊಣ್ಣೆ ಮೆಣಸು ಪಾಲಿಹೌಸಿನಲ್ಲಿ ಎಂಟು-ಹತ್ತು ತಿಂಗಳು ನಿಲ್ಲುವ ಬೆಳೆ. ಕವಲುಗಳನ್ನು ದಾರಕ್ಕೆ ಕಟ್ಟಿ ಮೇಲೇರಿಸಿದ ಗಿಡದಲ್ಲಿ ಹೂವು, ಹೀಚು, ಬಲಿತ ಕಾಯಿ ಒಟ್ಟೊಟ್ಟಿಗೇ ಇರುತ್ತವೆ. ಅಂಥ ಗಿಡಕ್ಕೆ ಒಂದೇ ಸಲ ಬುಡಕ್ಕೆ ಗೊಬ್ಬರ ಸುರಿದು ಕೈ ತೊಳೆದುಕೊಳ್ಳಲಾಗದು. ವಾರಕ್ಕೆರಡು ಸಲ ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಬೇರಿಗೆ ಮುಟ್ಟಿಸಬೇಕೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿಕೊಟ್ಟದ್ದು ಸರಿಯಾಗಿಯೇ ಇದೆ. ಪಟ್ಟಿಯ ಕ್ರಮಕ್ಕೂ ಅರ್ಥವಿದೆ: ಎಳೆಯ ಗಿಡಕ್ಕೆ 19:19:19, ಬೇರಿಗೂ ಹೂವಿಗೂ 12:61:0, ಕಾಯಿ ಕಟ್ಟಿದ ಮೇಲೆ 13:0:45 ಮತ್ತು 0:0:50, ನಡುನಡುವೆ ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್. ಆದರೆ ಅಂಗಡಿಯ ಕೌಂಟರಿನಲ್ಲಿ ಕೈಗೆ ಬರುವ ಹಾಳೆಯಲ್ಲಿ ಮೊದಲ ಕಾಲಂ ಒಂದು ಕಾಣೆಯಾಗಿದೆ. ನಿಮ್ಮ ನೀರಿನಲ್ಲಿ ಈಗಾಗಲೇ ಏನಿದೆ ಎಂಬ ಕಾಲಂ ಅದು.

ಅರಸೀಕೆರೆಯ ಲೆಕ್ಕವನ್ನೇ ಹಾಕಿ ನೋಡೋಣ. ಇಲ್ಲಿ ತೋಟ ನಿಂತಿರುವುದು ಆಳದ ಕೊಳವೆಬಾವಿಗಳ ಗಡಸು ನೀರಿನ ಮೇಲೆ. ನೀರಿನ ವಿದ್ಯುತ್ ವಾಹಕತೆ, ಅಂದರೆ ಇಸಿ, 1 ಇದ್ದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಕರಗಿದೆ ಎಂದರ್ಥ. ಹತ್ತು ಗುಂಟೆ, ಅಂದರೆ ಸುಮಾರು 1,000 ಚದರ ಮೀಟರ್ ಪಾಲಿಹೌಸಿಗೆ ಚದರ ಮೀಟರಿಗೆ 3 ಲೀಟರಿನಂತೆ ದಿನಕ್ಕೆ 3,000 ಲೀಟರ್ ಬಿಟ್ಟರೆ, ಒಂದು ಹಿಡಿ ಗೊಬ್ಬರ ಹಾಕುವ ಮೊದಲೇ ದಿನಕ್ಕೆ ಎರಡು ಕಿಲೋ ಹತ್ತಿರ ಲವಣ ಮಣ್ಣು ಸೇರುತ್ತದೆ. 240 ದಿನಕ್ಕೆ 460 ಕಿಲೋ! ಹೊರಗಿನ ಹೊಲವಾದರೆ ಮುಂಗಾರು ಅದನ್ನು ತೊಳೆದು ಕೆಳಗಿಳಿಸುತ್ತದೆ. ಪಾಲಿಹೌಸಿನೊಳಗೆ ಮಳೆಗೆ ಪ್ರವೇಶವಿಲ್ಲ.

ಬೆಳೆ ನಾಲ್ಕೈದು ತಿಂಗಳಾದ ಮಡಿಯ ಮೇಲೆ ಬಗ್ಗಿ ನೋಡಿ. ಡ್ರಿಪ್ಪರಿನ ಕೆಳಗೆ ತೇವದ ದುಂಡು ವೃತ್ತ, ಅದರ ಅಂಚಿಗೆ ಬೂದು-ಬಿಳಿ ಪುಡಿಯ ಗೆರೆ. ಉಗುರಿನಿಂದ ಕೆರೆದರೆ ತೆಳು ಹಕ್ಕಳೆಯಾಗಿ ಏಳುತ್ತದೆ. ದೊಣ್ಣೆ ಮೆಣಸು ಉಪ್ಪು ತಾಳುವ ಗಿಡವಲ್ಲ. ಬೇರಿನ ಮಣ್ಣಿನ ದ್ರಾವಣದ ಇಸಿ 1.5 ದಾಟಿದ ಮೇಲೆ ಪ್ರತಿ ಒಂದು ಅಂಶಕ್ಕೆ ಇಳುವರಿ ಸುಮಾರು 14% ಬೀಳುತ್ತದೆ ಎಂಬ ಲೆಕ್ಕ 1977ರಿಂದಲೂ ಪಠ್ಯಪುಸ್ತಕಗಳಲ್ಲಿದೆ.

ಮಾರ್ಚ್-ಏಪ್ರಿಲ್ ಬಂತೆಂದರೆ ಕಾಯಿಯ ತುದಿಯಲ್ಲಿ ನೀರು ತುಂಬಿದಂಥ ಮಚ್ಚೆ ಮೂಡಿ, ಕಂದಾಗಿ, ಒಣಗಿ ಗುಳಿ ಬೀಳುತ್ತದೆ. ಅದು ಕ್ಯಾಲ್ಸಿಯಂ ಕೊರತೆ ಎಂದು ಎಲ್ಲರಿಗೂ ಗೊತ್ತು. ಕೂಡಲೇ ಪಟ್ಟಿಯಲ್ಲಿನ ಕ್ಯಾಲ್ಸಿಯಂ ನೈಟ್ರೇಟ್ ದುಪ್ಪಟ್ಟಾಗುತ್ತದೆ. ಎಡವುವುದು ಇಲ್ಲೇ. ಗಡಸು ನೀರಿನ ತೋಟದ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಕಾಯಿಗೆ ತಲುಪುತ್ತಿಲ್ಲ ಅಷ್ಟೇ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಸೆಳೆತದ ಜೊತೆಗಷ್ಟೇ ಸಾಗುತ್ತದೆ. ಬಿಸಿಲಿಗೆ ಎಲೆಗಳು ಜೋರಾಗಿ ನೀರು ಎಳೆಯುತ್ತವೆ, ಕಾಯಿ ಎಳೆಯುವುದು ತೀರಾ ಕಡಿಮೆ. ಮಣ್ಣಿನ ಉಪ್ಪು ಬೇರಿಗೆ ನೀರು ಸಿಗದಂತೆ ತಡೆಯುತ್ತದೆ. ಹೆಚ್ಚಾದ ಪೊಟ್ಯಾಷ್ ಮತ್ತು ಅಮೋನಿಯಂ ಕೂಡ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತವೆ. ಹಾಗಿರುವಾಗ ಇನ್ನಷ್ಟು ಗೊಬ್ಬರ ಕರಗಿಸಿ ಬಿಟ್ಟರೆ ಇಸಿ ಏರುತ್ತದೆ, ಕೊಳೆ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ. ಗೊಬ್ಬರ ಕಡಿಮೆ ಮಾಡಿ, ನೀರನ್ನು ದಿನಕ್ಕೆ ಎರಡು-ಮೂರು ಕಂತಿನಲ್ಲಿ ಕೊಟ್ಟು, ಮಧ್ಯಾಹ್ನ ನೆರಳು ಪರದೆ ಎಳೆದು, ಗಾಳಿಕಿಂಡಿ ತೆರೆದಿಡುವುದೇ ಇದಕ್ಕೆ ಮದ್ದು. ಪಟ್ಟಿಯಲ್ಲಿ ಇದರ ಸುಳಿವೇ ಇಲ್ಲ.

ಬೇಲೂರಿನ ಕಡೆ ಕಥೆ ತಿರುವುಮುರುವು. ಕಾಫಿ ಸೀಮೆಯ ಮಣ್ಣು ಹುಳಿ. ತೋಟದವರು ಸುಣ್ಣ ಹಾಕುವುದು ಅದಕ್ಕೇ. ನೀರೂ ಮೆದು. ಇಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ನಿಜವಾಗಿ ಬೇಕು. ಬೇಡವಾದದ್ದು ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದ ದಿನಗಳಲ್ಲಿ ಕೊಡುವ ಬೇಸಿಗೆ ಪ್ರಮಾಣದ ಸಾರಜನಕ. ಬಿಸಿಲೇ ಇಲ್ಲದಾಗ ಅದು ಸೊಪ್ಪು ಬೆಳೆಸುತ್ತದೆ, ಹೂವು ಉದುರುತ್ತದೆ. ಹಳೇಬೀಡಿನ ಸುತ್ತ ಮಳೆಗಾಲಕ್ಕೆ ಕೃಷಿ ಹೊಂಡದ ನೀರು, ಬೇಸಿಗೆಗೆ ಕೊಳವೆಬಾವಿ ಎಂದಾದರೆ ಒಂದೇ ಬೆಳೆ ಎರಡು ನೀರು ಕುಡಿಯುತ್ತದೆ. ಪಟ್ಟಿಯೂ ಎರಡಿರಬೇಕಲ್ಲವೇ?

ಇನ್ನೊಂದು ಮಾತು. ಕ್ಯಾಲ್ಸಿಯಂ ನೈಟ್ರೇಟ್ ಜೊತೆ 12:61:0 ಆಗಲಿ ಸಲ್ಫೇಟ್ ಆಗಲಿ ಒಂದೇ ಡ್ರಮ್ಮಿಗೆ ಹಾಕಲೇಬಾರದು. ದ್ರಾವಣ ಹಾಲಿನಂತೆ ಬೆಳ್ಳಗಾಗಿ, ತಳದಲ್ಲಿ ಗಸಿ ಕೂತು, ಲ್ಯಾಟರಲ್ ತುದಿಯ ಡ್ರಿಪ್ಪರುಗಳು ಕಟ್ಟಿಕೊಳ್ಳುತ್ತವೆ. ಎರಡು ಡ್ರಮ್ ಇಡಿ, ಬೇರೆ ಬೇರೆ ದಿನ ಬಿಡಿ.

2014ರಲ್ಲಿ ಶುರುವಾದ ಕೃಷಿ ಭಾಗ್ಯದಿಂದ ಹೊಂಡಗಳು ಬಂದವು, ತೋಟಗಾರಿಕೆ ಮಿಷನ್ನಿನ ಅರ್ಧ ಸಹಾಯಧನದಿಂದ ಪಾಲಿಹೌಸ್‌ಗಳು ಬಂದವು. ಒಳ್ಳೆಯದೇ ಆಯಿತು. ಆದರೆ ಈ ಯೋಜನೆಗಳ ಫಲ ಪೂರ್ತಿ ಸಿಗಬೇಕಾದರೆ ಪಾಲಿಹೌಸಿನ ಛಾವಣಿ ನೀರು ಹೊಂಡಕ್ಕೆ ಇಳಿಯಬೇಕು. 600 ಮಿಲಿಮೀಟರ್ ಮಳೆ ಬಿದ್ದರೂ ಹತ್ತು ಗುಂಟೆಯ ಛಾವಣಿಯಿಂದ 6 ಲಕ್ಷ ಲೀಟರ್ ಹರಿಯುತ್ತದೆ. ಮೇಲೆ ಹೇಳಿದ ಬೆಳೆಗೆ ಬೇಕಾದದ್ದು 7.2 ಲಕ್ಷ. ಆ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಬಾವಿ ನೀರಿಗೆ ಅದನ್ನು ಅರ್ಧಕ್ಕರ್ಧ ಬೆರೆಸಿದರೂ ಇಸಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಯಾವ ಚೀಲದ ಗೊಬ್ಬರವೂ ಮಾಡದ ಉಪಕಾರ ಇದು.

ಆದ್ದರಿಂದ ಮುಂದಿನ ನಾಟಿಗೆ ಮೊದಲು, ನಿಮ್ಮ ಕೊಳವೆಬಾವಿಯ ನೀರಿನಿಂದಲೇ ಎರಡು ಸಲ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ನೀರು ತುಂಬಿ ಹಾಸನದ ಬಳಿಯ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಇಸಿ, ಪಿಎಚ್, ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂದು ವಿಚಾರಿಸಿ ಬರೆಸಿಕೊಳ್ಳಿ. ಆಮೇಲೆ ಗೊಬ್ಬರದ ಅಂಗಡಿಗೆ ಹೋಗಿ.