ಕೃತಕ ಮಂಡಿಯ ಪರೀಕ್ಷೆ: ಒಂದು ವಿಮರ್ಶೆ

ಕೀಲಿನ ಮೂಳೆಗಳ ತುದಿಯನ್ನು ಹೊದೆದಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ; ಆದುದರಿಂದ ಮುರಿದ ಮೂಳೆ ಕೂಡುವಂತೆ ಅದು ಕೂಡಲಾರದು. ಅದು ಪೂರ್ಣವಾಗಿ ಸವೆದ ಮಂಡಿಗೆ ಲೋಹ ಮತ್ತು ಪಾಲಿಥಿಲೀನುಗಳಿಂದ ರಚಿಸಿದ ಕೃತಕ ಕೀಲೇ ಬಹುಮಟ್ಟಿಗೆ ಗತಿ. ಈ ವಸ್ತುಗಳನ್ನು ಒರೆಗೆ ಹಚ್ಚುವ ಕ್ರಮ ಎಷ್ಟರಮಟ್ಟಿಗೆ ಸಮರ್ಪಕವೆಂಬುದು ಇಲ್ಲಿನ ವಿಚಾರ.

ಪರೀಕ್ಷೆಯ ಅಗತ್ಯವನ್ನು ಇತಿಹಾಸವೇ ಸಾರಿದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯವರು 1958ರ ಸುಮಾರಿಗೆ ಸೊಂಟದ ಕೀಲಿಗೆ ಟೆಫ್ಲಾನಿನ ಬಟ್ಟಲನ್ನು ಬಳಸಿದರು. ಘರ್ಷಣೆ ಅತ್ಯಲ್ಪವೆಂಬ ಗುಣಕ್ಕಾಗಿ ಆರಿಸಿದ ಆ ವಸ್ತು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಉದುರಿದ ಕಣಗಳು ಸುತ್ತಣ ಅಂಗಾಂಶವನ್ನು ಕೆರಳಿಸಿದವು. 1962ರಲ್ಲಿ ಅವರು ಪಾಲಿಥಿಲೀನಿನತ್ತ ತಿರುಗಬೇಕಾಯಿತು. ಪ್ರಯೋಗಶಾಲೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ರೋಗಿಗಳ ದೇಹದಲ್ಲಿ ದೊರೆಯಿತು.

ಇಂದು ಸವೆತದ ಪ್ರಶ್ನೆಯನ್ನು ಯಂತ್ರವೇ ಕೇಳುತ್ತದೆ. ಐಎಸ್‌ಒ 14243 ಎಂಬ ಅಂತಾರಾಷ್ಟ್ರೀಯ ಮಾನಕದಂತೆ, ಕೃತಕ ಮಂಡಿಯನ್ನು ಕರುವಿನ ರಕ್ತದಿಂದ ತೆಗೆದ ಸೀರಮ್ ದ್ರವದಲ್ಲಿರಿಸಿ, 50 ಲಕ್ಷ ಆವರ್ತಗಳವರೆಗೆ ಚಲಿಸುವಂತೆ ಮಾಡಿ, ಸವೆದುದನ್ನು ತೂಕದಿಂದ ನಿರ್ಣಯಿಸುತ್ತಾರೆ. ನಾನಾ ದೇಶಗಳ ಫಲಿತಾಂಶಗಳನ್ನು ಹೋಲಿಸಲು ಇಂತಹ ಏಕರೂಪತೆ ಅವಶ್ಯಕವೆಂಬುದು ನಿರ್ವಿವಾದ. ಆದರೆ ಅಲ್ಲಿ ಮಂಡಿ ಬಾಗುವುದು ಹೆಚ್ಚೆಂದರೆ 58 ಡಿಗ್ರಿ. ಅದು ಸಮತಟ್ಟಾದ ನೆಲದ ಮೇಲಣ ನಡಿಗೆ ಮಾತ್ರ.

ಬೈಯಪ್ಪನಹಳ್ಳಿಯ ಮನೆಯೊಂದರ ವೃದ್ಧೆ ನಡೆಯುವುದಷ್ಟೇ ಅಲ್ಲ. ಮೆಟ್ರೋ ನಿಲ್ದಾಣದ ಮೆಟ್ಟಿಲೇರುತ್ತಾಳೆ, ರಂಗೋಲಿಯಿಡಲು ಕುಕ್ಕರಗಾಲಿನಲ್ಲಿ ಕೂರುತ್ತಾಳೆ, ಊಟಕ್ಕೆ ಚಕ್ಕಳಮಕ್ಕಳ ಹಾಕುತ್ತಾಳೆ. ಕುಕ್ಕರಗಾಲಿನಲ್ಲಿ ಮಂಡಿ ಸಾಮಾನ್ಯವಾಗಿ 130 ಡಿಗ್ರಿಗೂ ಮೀರಿ ಬಾಗುತ್ತದೆ. ಕೃತಕ ಕೀಲು ಅಷ್ಟು ಬಾಗಿದಾಗ ಭಾರವು ಪಾಲಿಥಿಲೀನ್ ಫಲಕದ ಹಿಂಭಾಗದ ಕಿರಿದಾದ ಜಾಗಕ್ಕೆ ಸರಿಯುತ್ತದೆ. ಹೀಗೆ ಆಳವಾಗಿ ಬಾಗಿದ ಸ್ಥಿತಿಯ ತಾಳಿಕೆಗೆ ಪ್ರತ್ಯೇಕ ಪರೀಕ್ಷೆಗಳು ಉಂಟು, ನಿಜ; ಸವೆತವನ್ನಳೆಯುವ ಮೂಲಮಾನಕದಲ್ಲಿ ಮಾತ್ರ ಅದಕ್ಕೆ ಸ್ಥಾನವಿಲ್ಲ.

ನೆಲದ ಮೇಲೆ ಕೂರದಿರಿ ಎಂಬ ವೈದ್ಯರ ಸಲಹೆ ವಿವೇಕದ್ದೇ. ಆದರೂ ಪರೀಕ್ಷೆಯ ಕೊರತೆಯನ್ನು ರೋಗಿಯ ಜೀವನಕ್ರಮ ತುಂಬಿಕೊಡಬೇಕೆಂಬುದು ವಿಜ್ಞಾನಕ್ಕೆ ಭೂಷಣವಲ್ಲ. ಬೈಯಪ್ಪನಹಳ್ಳಿಗೆ ಸಮೀಪದ ಸಿ. ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ಜೈವಿಕ ಇಂಜಿನಿಯರಿಂಗ್ ಪ್ರಯೋಗಾಲಯವಿದೆ. ಜೈವಿಕ ವಸ್ತುಗಳ ಸಂಶೋಧನೆ ನಡೆಸುವ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೇ ನಗರದಲ್ಲಿದೆ. ನಮ್ಮ ಜನ ಕೂರುವ, ಏಳುವ ಚಲನೆಗಳನ್ನು ಅಳೆದು, ಅವುಗಳನ್ನು ಪರೀಕ್ಷಾಕ್ರಮದಲ್ಲಿ ಸೇರಿಸುವುದು ಇಂತಹ ನಗರಕ್ಕೆ ಅಸಾಧ್ಯವಲ್ಲ. ವಸ್ತುವಿನ ಯೋಗ್ಯತೆಯನ್ನು ನಿರ್ಣಯಿಸಬೇಕಾದುದು ಅದನ್ನು ಧರಿಸುವವರ ಬದುಕು. ಪದಾರ್ಥವಿಜ್ಞಾನದ ವಿದ್ಯಾರ್ಥಿಗಳು ಈ ದಿಕ್ಕಿನಲ್ಲಿ ಕೈಹಾಕುವುದು ಅಪೇಕ್ಷಣೀಯ.