ಸಹಿಯಾದ ಮೇಲೆ ಸಿಗುವ ಕಾಗದ

2022ರ ಜನವರಿಯಲ್ಲಿ ಶುರುವಾದ ಭಾರತ–ಬ್ರಿಟನ್ ಮಾತುಕತೆ ಮುಕ್ತ ವ್ಯಾಪಾರ ಒಪ್ಪಂದವಾಗಿ ಮುಗಿದು, 2025ರ ಜುಲೈ 24ರಂದು ಅದಕ್ಕೆ ಸಹಿಯಾಯಿತು. ಅದರ ಪೂರ್ಣ ಪಠ್ಯ ನಮಗೆ ಓದಲು ಸಿಕ್ಕಿದ್ದು ಸಹಿ ಬಿದ್ದ ಮೇಲೆ. ಬ್ರಿಟನ್ನಿನಲ್ಲಿ 2010ರ ಕಾನೂನಿನ ಪ್ರಕಾರ ಇಂಥ ಒಪ್ಪಂದ 21 ಕಲಾಪದ ದಿನ ಸಂಸತ್ತಿನ ಮುಂದಿರಬೇಕು. ಕೆಳಮನೆ ಬೇಡವೆಂದರೆ ಅನುಮೋದನೆ ನಿಲ್ಲುತ್ತದೆ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಭಾರತದ ವ್ಯಾಪಾರ ಸಂಧಾನದ ದೊಡ್ಡ ದೋಷ ಇದೇ.

ಮಾತುಕತೆಗೆ ಕೂರುವವರು ಅಸಮರ್ಥರೆಂದು ನಾನು ಹೇಳುತ್ತಿಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಬಂದದ್ದು ಸರಿಯಾದ ನಿರ್ಧಾರ. ಆದರೆ ನ್ಯೂಜಿಲೆಂಡ್ ಹಾಲಿನ ಪುಡಿಗೆ ಹೆದರಿದ ನಮ್ಮ ಹಾಲು ಉತ್ಪಾದಕರು ತಮ್ಮ ಮಾತು ಕೇಳಿಸಲು ಬೀದಿಗಿಳಿಯಬೇಕಾಯಿತು.

ಹಾಗೆ ಮೊದಲೇ ಎಚ್ಚೆತ್ತುಕೊಳ್ಳದಿದ್ದರೆ ಏನಾಗುತ್ತದೆಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಳುಮೆಣಸು ಬೆಳೆಗಾರರನ್ನು ಕೇಳಬೇಕು. ಶ್ರೀಲಂಕಾ ಜೊತೆಗಿನ ಒಪ್ಪಂದಕ್ಕೆ 1998ರಲ್ಲಿ ಸಹಿಯಾಯಿತು, 2000ದಲ್ಲಿ ಜಾರಿಗೆ ಬಂತು. ಲಂಕೆಯ ಸರಕಿಗೆ ಸುಂಕದ ರಿಯಾಯಿತಿ ಸಿಕ್ಕಿತು. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಮಾಲು ಲಂಕೆಯ ಪ್ರಮಾಣಪತ್ರ ಹೊತ್ತು ಅದೇ ದಾರಿಯಲ್ಲಿ ಒಳಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಬೆಲೆ ಕುಸಿದ ಮೇಲೆ, 2017ರ ಡಿಸೆಂಬರಿನಲ್ಲಿ, ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಸರಕು ನಿಜಕ್ಕೂ ಯಾವ ದೇಶದ್ದೆಂಬ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕೆಂಬ ಕಸ್ಟಮ್ಸ್ ನಿಯಮ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಒಪ್ಪಂದ ಜಾರಿಯಾಗಿ ಆಗಲೇ ಇಪ್ಪತ್ತು ವರ್ಷ! ಸಂಧಾನದ ಕಾಲದಲ್ಲೇ ಬೆಳೆಗಾರರ ಮುಂದೆ ಕರಡು ಇಟ್ಟಿದ್ದರೆ ಈ ಕಿಂಡಿಯನ್ನು ಅವರೇ ತೋರಿಸುತ್ತಿದ್ದರು. ಯಾವ ಮಾಲು ಎಲ್ಲಿಂದ ಬರುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಎಂಬುದು ಅವರ ದಿನನಿತ್ಯದ ಲೆಕ್ಕ.

ಬೆಳೆಗಾರರಷ್ಟೇ ಅಲ್ಲ, ರಾಜ್ಯಗಳೂ ಹೊರಗುಳಿದಿವೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಿ ಒಪ್ಪಂದ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಸುಂಕ ಇಳಿಸುವ ಅಧಿಕಾರ ದೆಹಲಿಯದು. ಬೆಲೆ ಬಿದ್ದಾಗ ರೈತ ಬಂದು ನಿಲ್ಲುವುದು ವಿಧಾನಸೌಧದ ಮುಂದೆ. ಆದರೂ ಸಹಿಗೆ ಮುಂಚೆ ರಾಜ್ಯಗಳ ಒಪ್ಪಿಗೆ ಪಡೆಯಬೇಕೆಂಬ ಕಟ್ಟುಪಾಡು ಇಲ್ಲ.

ಸಂಧಾನದಲ್ಲಿ ಗುಟ್ಟು ಬೇಕೆಂಬ ವಾದವನ್ನು ಒಂದು ಹಂತದವರೆಗೆ ಒಪ್ಪುತ್ತೇನೆ. ಎಷ್ಟರವರೆಗೆ ಬಗ್ಗುತ್ತೇವೆಂದು ಎದುರಿನವರಿಗೆ ಮೊದಲೇ ಹೇಳಲಾಗದು. ಆದರೆ ಐರೋಪ್ಯ ಒಕ್ಕೂಟ ತನ್ನ ಪ್ರಸ್ತಾವಗಳನ್ನು ಪ್ರಕಟಿಸಿಯೂ ಗಟ್ಟಿಯಾಗಿಯೇ ಚೌಕಾಸಿ ಮಾಡುತ್ತದೆ. ನಮಗೂ ಹಾಗೆ ಮಾಡಲು ಅವಕಾಶವಿದೆ: ಆಗ್ನೇಯ ಏಷ್ಯಾದ ಆಸಿಯಾನ್ ಕೂಟದೊಂದಿಗೆ 2010ರಿಂದ ಜಾರಿಯಲ್ಲಿರುವ ಸರಕು ಒಪ್ಪಂದದ ಮರುಪರಿಶೀಲನೆಗೆ 2023ರಲ್ಲಿ ಒಪ್ಪಿಗೆಯಾಗಿದೆ. ಮೆಣಸು, ಕಾಫಿ, ತಾಳೆ ಎಣ್ಣೆ ಮೂರಕ್ಕೂ ಅದು ಸಂಬಂಧಿಸಿದ್ದು. ಅದರ ಕರಡನ್ನು ಸಹಿಗೆ ಮೊದಲು ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿಗೂ ರಾಜ್ಯ ಸರ್ಕಾರಗಳಿಗೂ ಕೊಡಲು ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ.